ಎಂಟು ಔಟ್ ಬಾಕಿ ಇತ್ತು: ಪಿಯೋರಿಯಾಕ್ಕೆ ದಿನ ಎಣಿಸುತ್ತಿರುವ ಮ್ಯಾರಿನರ್ಸ್ ಅಭಿಮಾನಿಗಳು ಬನ್ನಿ

ಬಾಥೆಲ್ ಅಪ್ಪ:

ಎಲ್ಲರಿಗೂ ನಮಸ್ಕಾರ. 2026ರ ಸಂಕ್ರಾಂತಿ ಆಯಿತು, ಎಳ್ಳುಬೆಲ್ಲ ಹಂಚಿದ್ದೂ ಆಯಿತು. ಸಿಯಾಟಲ್ ಕಡೆ ಚಳಿಗಾಲ ಮಾತ್ರ ಇನ್ನೂ ಕಾಲು ಚಾಚಿ ಕೂತಿದೆ. ಬೆಳಗ್ಗೆ ಎಂಟಕ್ಕೆ ಬೆಳಕು, ಸಂಜೆ ಐದಕ್ಕೆ ಕತ್ತಲು, ನಡುವೆ ಜಿಟಿಜಿಟಿ ಮಳೆ. ಬೇಸ್‌ಬಾಲ್ ಇಲ್ಲದೆ ಮೂರು ತಿಂಗಳಾಯಿತು. ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಫೆಬ್ರವರಿ ಎರಡನೇ ವಾರಕ್ಕೆ ಮಗ ಕೆಂಪು ಸುತ್ತು ಹಾಕಿಟ್ಟಿದ್ದಾನೆ. ಆ ವಾರ ಅರಿಝೋನಾದ ಪಿಯೋರಿಯಾದಲ್ಲಿ ಸ್ಪ್ರಿಂಗ್ ಟ್ರೈನಿಂಗ್‌ಗೆ, ಅಂದರೆ ಸೀಸನ್‌ಗೆ ಮುಂಚಿನ ಅಭ್ಯಾಸಕ್ಕೆ, ನಮ್ಮ ಸಿಯಾಟಲ್ ಮ್ಯಾರಿನರ್ಸ್ ತಂಡದ ಪಿಚರ್‌ಗಳು (ಚೆಂಡು ಎಸೆಯುವವರು), ಕ್ಯಾಚರ್‌ಗಳು (ಬ್ಯಾಟರ್ ಹಿಂದೆ ಕೂತು ಹಿಡಿಯುವವರು) ಬಂದು ಸೇರುತ್ತಾರೆ. ಉಳಿದವರು ಕೆಲವು ದಿನ ಬಿಟ್ಟು ಬರುತ್ತಾರೆ.

"ಒಂದು ಆಟ ಅಲ್ವಾ, ಮತ್ತೆ ಬರುತ್ತೆ ಬಿಡು" ಅನ್ನುವ ಸ್ನೇಹಿತರು ನನಗೂ ಇದ್ದಾರೆ. ಆದರೆ ಇದು ದಿನಾ ಇರುವ ಆಟ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ 162 ಪಂದ್ಯ. ವಾರದಲ್ಲಿ ಐದಾರು ದಿನ ಆಟ ಇದ್ದೇ ಇರುತ್ತದೆ. ನಮ್ಮ ಮನೆಯಲ್ಲಿ ಸಂಜೆ 6:40 ಅಂದರೆ ರೇಡಿಯೋ ಹಚ್ಚುವ ಹೊತ್ತು. ನಾನು ಚಪಾತಿ ಲಟ್ಟಿಸುತ್ತೇನೆ, ನನ್ನ ಹೆಂಡತಿ ಬೇಯಿಸುತ್ತಾಳೆ, ಮಗ ಮೇಜಿನ ಮೇಲೆ ಲೆಕ್ಕ ಮಾಡುತ್ತಾನೆ. ಯಾರೂ ಕಿವಿಗೊಟ್ಟು ಕೇಳುತ್ತಿರುವುದಿಲ್ಲ. ಕಾಮೆಂಟರಿಯವರ ದನಿ ಏರಿದರೆ ಮಾತ್ರ ಮೂವರ ಕೈಯೂ ನಿಲ್ಲುತ್ತದೆ. ತೀರ್ಥಹಳ್ಳಿ ಹತ್ತಿರ ನಮ್ಮೂರಲ್ಲಿ ಅಜ್ಜ ಅಡಿಕೆ ಸುಲಿಯುತ್ತಾ ಟೆಸ್ಟ್ ಮ್ಯಾಚ್ ಕಾಮೆಂಟರಿ ಕೇಳುತ್ತಿದ್ದರು. ಅವರ ಕೈ ನಿಂತಿತು ಅಂದರೆ ವಿಕೆಟ್ ಬಿತ್ತು ಅಂತ ಅಂಗಳದಲ್ಲಿದ್ದ ನಮಗೆ ಗೊತ್ತಾಗುತ್ತಿತ್ತು. ಬೇಸ್‌ಬಾಲ್ ನನಗೆ ಹಿಡಿಸಿದ್ದು ಆ ರೇಡಿಯೋದಿಂದಲೇ. ಈಗ ಸಂಜೆ ಆದರೆ ಮನೆಯಲ್ಲಿ ಲಟ್ಟಣಿಗೆ ಸದ್ದು ಮಾತ್ರ.

ಈ ಸಲದ ಕಾಯುವಿಕೆ ಬೇರೆ ಥರ. ಅಕ್ಟೋಬರ್ 20, ಸೋಮವಾರ, ದೀಪಾವಳಿ ಸಂಜೆ. ಬಾಗಿಲಲ್ಲಿ ದೀಪ ಹಚ್ಚಿ ಬಂದು ಟಿವಿ ಮುಂದೆ ಕೂತಿದ್ದೆವು. ಟೊರಾಂಟೊದಲ್ಲಿ ಅಮೆರಿಕನ್ ಲೀಗ್ ಫೈನಲ್‌ನ ಏಳನೇ ಪಂದ್ಯ. ಗೆದ್ದರೆ ವರ್ಲ್ಡ್ ಸೀರೀಸ್, ಅಂದರೆ ಎರಡು ಲೀಗ್‌ಗಳ ವಿಜೇತರ ನಡುವಿನ ಮಹಾ ಫೈನಲ್. 1977ರಲ್ಲಿ ಶುರುವಾದ ತಂಡ ನಮ್ಮದು. 30 ತಂಡಗಳಲ್ಲಿ ವರ್ಲ್ಡ್ ಸೀರೀಸ್ ಒಂದು ಸಲವೂ ಆಡದೆ ಉಳಿದಿರುವುದು ನಮ್ಮದೊಂದೇ. ಮೂರನೇ ಇನ್ನಿಂಗ್‌ನಲ್ಲಿ ನಮ್ಮ ಹೂಲಿಯೋ ರೊಡ್ರಿಗೆಸ್ ಹೋಮ್ ರನ್ (ಚೆಂಡನ್ನು ಬೇಲಿ ದಾಟಿಸುವ ಹೊಡೆತ) ಹೊಡೆದ. ಐದರಲ್ಲಿ ಕ್ಯಾಲ್ ರಾಲಿ ಹೊಡೆದ. 3-1 ಮುಂದಿದ್ದೆವು. ಏಳನೇ ಇನ್ನಿಂಗ್‌ನಲ್ಲಿ ನಮ್ಮ ಪಿಚರ್ ಬ್ರಯಾನ್ ವೂ ಒಬ್ಬನಿಗೆ ವಾಕ್ ಕೊಟ್ಟ (ಕೆಟ್ಟ ಎಸೆತಗಳಿಂದ ಮೊದಲ ಬೇಸ್ ಬಿಟ್ಟುಕೊಟ್ಟ), ಇನ್ನೊಬ್ಬ ಸಿಂಗಲ್ ಹೊಡೆದು ಬೇಸ್ ಸೇರಿದ, ಮೂರನೆಯವನು ಬಂಟ್ ಮಾಡಿ, ಅಂದರೆ ಚೆಂಡನ್ನು ಮೆಲ್ಲಗೆ ತಟ್ಟಿ ತಾನು ಔಟಾಗಿ, ಇಬ್ಬರನ್ನೂ ಒಂದೊಂದು ಬೇಸ್ ಮುಂದೆ ಕಳಿಸಿದ. ಮ್ಯಾನೇಜರ್ ಡ್ಯಾನ್ ವಿಲ್ಸನ್ ಹೊರಗೆ ಬಂದು ಎಡ್ವರ್ಡ್ ಬಜಾರ್ಡೊ ಕೈಗೆ ಚೆಂಡು ಕೊಟ್ಟರು. ಟೊರಾಂಟೊದ ಜಾರ್ಜ್ ಸ್ಪ್ರಿಂಗರ್ ಅದನ್ನು ಎಡಗಡೆ ಸ್ಟ್ಯಾಂಡಿಗೆ ಎತ್ತಿದ. ಮೂರು ರನ್. 4-3. ಆಮೇಲೆ ನಮಗೆ ಒಂದು ರನ್ನೂ ಬರಲಿಲ್ಲ. ಒಂಬತ್ತು ಇನ್ನಿಂಗ್‌ನ ಆಟ, ಇನ್ನಿಂಗ್‌ಗೆ ಮೂರು ಔಟ್. ಸ್ಪ್ರಿಂಗರ್ ಬ್ಯಾಟ್ ಬೀಸುವ ಹೊತ್ತಿಗೆ ನಾವು ತೆಗೆಯಲು ಬಾಕಿ ಇದ್ದದ್ದು ಎಂಟೇ ಔಟ್.

ಮಗನಿಗೆ ಹನ್ನೊಂದು ವರ್ಷ. ಮಾತಾಡದೆ ಎದ್ದು ಹೊರಗೆ ಹೋದ. ಗಾಳಿಗೆ ಎರಡು ದೀಪ ಆರಿದ್ದವು. ಮತ್ತೆ ಹಚ್ಚಿ ಬಂದು ಮಲಗಿದ.

ಮೂರು ತಿಂಗಳು ಆ ಪಂದ್ಯದ ಒಂದು ತುಣುಕನ್ನೂ ನಾನು ನೋಡಿರಲಿಲ್ಲ. ಹೋದ ಭಾನುವಾರ ಧೈರ್ಯ ಮಾಡಿ ಪೂರ್ತಿ ನೋಡಿದೆ. ನೋಡುತ್ತಾ ಒಂದು ವಿಷಯಕ್ಕೆ ಬೇಜಾರಾಯಿತು. ಇಡೀ ವರ್ಷದ ಆಟವನ್ನು ಆ ಒಂದು ಇನ್ನಿಂಗ್ ನುಂಗಿಬಿಟ್ಟಿದೆ. ಯಾರ ಹತ್ತಿರ ಮಾತು ಶುರು ಮಾಡಿದರೂ ಅಲ್ಲಿಗೇ ಹೋಗಿ ನಿಲ್ಲುತ್ತದೆ. 90 ಪಂದ್ಯ ಗೆದ್ದೆವು. 2001ರ ನಂತರ ಮೊದಲ ಸಲ ನಮ್ಮ ಡಿವಿಷನ್ (ಲೀಗ್‌ನೊಳಗಿನ ನಮ್ಮ ಗುಂಪು) ಗೆದ್ದೆವು. ಸೆಪ್ಟೆಂಬರ್ 24ರ ರಾತ್ರಿ ರಾಲಿ 59 ಮತ್ತು 60ನೇ ಹೋಮ್ ರನ್ ಎರಡನ್ನೂ ಒಂದೇ ಪಂದ್ಯದಲ್ಲಿ ಹೊಡೆದ, ಡಿವಿಷನ್ ಗೆದ್ದದ್ದೂ ಅದೇ ರಾತ್ರಿ. ಒಂದು ಸೀಸನ್‌ನಲ್ಲಿ 60 ಮುಟ್ಟಿದವರು ಇಲ್ಲಿಯವರೆಗೆ ಏಳೇ ಜನ. ಅವರಲ್ಲಿ ಕ್ಯಾಚರ್ ಇವನೊಬ್ಬನೇ. ಇದನ್ನೆಲ್ಲ ಒಂದು ಕೆಟ್ಟ ಇನ್ನಿಂಗ್‌ಗಾಗಿ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಏಳನೇ ಪಂದ್ಯ ಬಿಟ್ಟು, 2025ರಿಂದ ನೀವು ಎತ್ತಿಟ್ಟುಕೊಂಡಿರುವ ಒಂದು ದಿನ ಹೇಳಿ. ದೊಡ್ಡ ದಿನವೇ ಆಗಬೇಕಿಲ್ಲ.

ನನ್ನದು ಹೇಳುತ್ತೇನೆ. ಜೂನ್‌ನಲ್ಲಿ ಒಂದು ಸಂಜೆ ಮಗನನ್ನು ಎವರೆಟ್‌ಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಅಕ್ವಾಸಾಕ್ಸ್ ಅಂತ ನಮ್ಮದೇ ಕಿರಿಯರ ತಂಡ, ಮ್ಯಾರಿನರ್ಸ್‌ಗಿಂತ ಮೂರು ಮೆಟ್ಟಿಲು ಕೆಳಗೆ. ಸಣ್ಣ ಮೈದಾನ, ಕಡಿಮೆ ದುಡ್ಡು, ಆಟಗಾರರು ಕೈಗೆ ಸಿಗುವಷ್ಟು ಹತ್ತಿರ. ಶಾರ್ಟ್‌ಸ್ಟಾಪ್‌ನಲ್ಲಿ (ಎರಡನೇ ಮತ್ತು ಮೂರನೇ ಬೇಸ್ ನಡುವಿನ ಫೀಲ್ಡರ್ ಜಾಗ) ಕೋಲ್ಟ್ ಎಮರ್ಸನ್ ಅನ್ನೋ ಹುಡುಗ, ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಇನ್ನಿಂಗ್ ಮುಗಿದಾಗ ಆಟಗಾರರೊಬ್ಬರು ಚೆಂಡನ್ನು ಮಗನ ಕಡೆ ಎಸೆದರು. ಅವನು ಹಿಡಿದ. ಆ ಎಮರ್ಸನ್ ಸೆಪ್ಟೆಂಬರ್ ಹೊತ್ತಿಗೆ ಟಕೋಮಾ ತಂಡಕ್ಕೆ ಏರಿದ್ದ. ಅಂದರೆ ಸಿಯಾಟಲ್‌ಗೆ ಇನ್ನೊಂದೇ ಮೆಟ್ಟಿಲು. ಈಗ ಮಗನಿಗೆ ಅವನನ್ನು ಪಿಯೋರಿಯಾದಲ್ಲಿ ನೋಡಬೇಕಂತೆ.

ಇನ್ನೊಂದು ಸಣ್ಣ ಪ್ರಶ್ನೆ. ಮಗನ ಗ್ಲವ್ ಚರ್ಮ ಒಣಗಿ ಬಿರುಸಾಗಿದೆ. ಊರಿನಿಂದ ಅಮ್ಮ ಫೋನಿನಲ್ಲಿ "ಕೊಬ್ಬರಿ ಎಣ್ಣೆ ಹಚ್ಚು" ಅಂದರು. ಹಚ್ಚಬಹುದಾ?

ಮೈಸೂರು ಬೆಳಗು:

ನಿಮ್ಮ ಬರಹ ಓದಿ ಕಣ್ಣು ತುಂಬಿತು. ನಾನು ಅರವತ್ತೆಂಟು ವರ್ಷದ ಹೆಂಗಸು, ಮೈಸೂರಿನಲ್ಲಿದ್ದೇನೆ. ಮಗಳು ಅಳಿಯ ರೆಡ್‌ಮಂಡ್‌ನಲ್ಲಿದ್ದಾರೆ. ಹೋದ ಬೇಸಿಗೆಯಲ್ಲಿ ಮೂರು ತಿಂಗಳು ಅಲ್ಲಿದ್ದೆ. ಹೊತ್ತು ಹೋಗಲಿ ಅಂತ ಮೊಮ್ಮಗಳ ಜೊತೆ ನೋಡಲು ಕೂತವಳು ನಾನು, ಆಗಸ್ಟ್ ಹೊತ್ತಿಗೆ ಅವಳಿಗೇ ನಿಯಮ ಹೇಳಿಕೊಡುತ್ತಿದ್ದೆ.

ನನ್ನ ದಿನ ಆಗಸ್ಟ್ 9. ಮ್ಯಾರಿನರ್ಸ್‌ನ ಹಳೆಯ ಆಟಗಾರ ಇಚಿರೊ ಅವರ 51ನೇ ನಂಬರನ್ನು ಇನ್ನು ಮುಂದೆ ಯಾರಿಗೂ ಕೊಡುವುದಿಲ್ಲ ಅಂತ ಗೌರವ ಮಾಡಿದ ದಿನ. ಅಳಿಯ ಟಿಕೆಟ್ ತಂದಿದ್ದರು. ಇಚಿರೊ ಅವರ ವಯಸ್ಸೂ ಆಗ ಐವತ್ತೊಂದೇ. ಜಪಾನಿನವರು ಅಷ್ಟು ಜನರ ಮುಂದೆ ಇಂಗ್ಲಿಷ್‌ನಲ್ಲೇ ಮಾತಾಡಿದರು. ಆಟ ಬಿಟ್ಟು ಆರು ವರ್ಷವಾದರೂ ಈಗಲೂ ಯೂನಿಫಾರ್ಮ್ ಹಾಕಿ ಮೈದಾನಕ್ಕೆ ಬಂದು ಅಭ್ಯಾಸ ಮಾಡುತ್ತಾರಂತೆ. ನಮ್ಮ ಯಜಮಾನರು ನಿವೃತ್ತಿಯಾದ ಮೇಲೂ ದಿನಾ ಬೆಳಗ್ಗೆ ಆರಕ್ಕೆ ಎದ್ದು ವೀಣೆ ಶ್ರುತಿ ಮಾಡುತ್ತಿದ್ದರು. ಕಛೇರಿ ಇರಲಿ ಇಲ್ಲದಿರಲಿ. ನನಗೆ ಅವರ ನೆನಪಾಯಿತು.

ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದೆ. ಅಲ್ಲಿಯ ಸಂಜೆ 6:40 ಅಂದರೆ ನಮಗೆ ಮರುದಿನ ಬೆಳಗ್ಗೆ 7:10. ಕಾಫಿ ಹೊತ್ತಿಗೆ ಸರಿಯಾಗಿ ಆಟ ಶುರು. ಅದೊಂದು ಸುಖ ನೋಡಿ. ದೀಪಾವಳಿ ಅಮಾವಾಸ್ಯೆ ದಿನ ಬೆಳಗಿನ ಜಾವ ಐದೂವರೆಗೆ ಎದ್ದು ಆ ಏಳನೇ ಪಂದ್ಯ ನಾನೂ ನೋಡಿದೆ. ನೀವು ದೀಪ ಹಚ್ಚಿ ಕೂತಿದ್ದಿರಿ, ನಾನು ಇಲ್ಲಿ ದೀಪ ಹಚ್ಚುವ ಮೊದಲೇ ಕೂತಿದ್ದೆ.

ಒಂದು ಅನುಮಾನ. ಸ್ಪ್ರಿಂಗ್ ಟ್ರೈನಿಂಗ್ ಪಂದ್ಯಗಳ ಗೆಲುವು ಸೋಲು ಲೆಕ್ಕಕ್ಕೇ ಬರುವುದಿಲ್ಲ ಅಂತ ಮೊಮ್ಮಗಳು ಹೇಳಿದಳು. ಹಾಗಿದ್ದರೆ ಜನ ಅಷ್ಟು ದೂರ ಹೋಗಿ ಏನು ನೋಡುತ್ತಾರೆ?

ಟಕೋಮಾ ಸಂಜೆ:

ಅಮ್ಮಾ, ನಿಮ್ಮ ಪ್ರಶ್ನೆಗೆ ಅರಿಝೋನಾದಲ್ಲಿರುವವರು ಉತ್ತರ ಕೊಡಲಿ. ನಾನು ನನ್ನ ದಿನ ಹೇಳುತ್ತೇನೆ.

ಅಕ್ಟೋಬರ್ 10, ಲೀಗ್ ಫೈನಲ್‌ಗೆ ಮುಂಚಿನ ಸುತ್ತು, ಡೆಟ್ರಾಯ್ಟ್ ವಿರುದ್ಧ ನಿರ್ಣಾಯಕ ಐದನೇ ಪಂದ್ಯ. ನಾನು ನರ್ಸ್. ಸಂಜೆ ಏಳಕ್ಕೆ ಡ್ಯೂಟಿ. ಹೋಗುವಾಗ ಕಾರಿನಲ್ಲಿ ಕೇಳುತ್ತಿದ್ದೆ. ಅವರ ಪಿಚರ್ ಟಾರಿಕ್ ಸ್ಕೂಬಲ್ ಆರು ಇನ್ನಿಂಗ್‌ನಲ್ಲಿ ನಮ್ಮವರನ್ನು 13 ಸಲ ಸ್ಟ್ರೈಕ್ ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದ. ಇನ್ನು ಮುಗೀತು ಅಂದುಕೊಂಡೆ. ಏಳನೇ ಇನ್ನಿಂಗ್‌ನಲ್ಲಿ ಲಿಯೋ ರಿವಾಸ್‌ನನ್ನು ಬದಲಿ ಬ್ಯಾಟರ್ ಆಗಿ ಕಳಿಸಿದರು. ಅವತ್ತು ಅವನ ಹುಟ್ಟುಹಬ್ಬ. ಸಿಂಗಲ್ ಹೊಡೆದು ಸಮ ಮಾಡಿದ. ಆಮೇಲೆ ಆಟ ಮುಗಿಯಲೇ ಇಲ್ಲ. ಹತ್ತು, ಹನ್ನೊಂದು, ಹನ್ನೆರಡು. ವಾರ್ಡಿನಲ್ಲಿ ಒಂದು ರೂಮಿನಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಟಿವಿಯಲ್ಲೂ ಅದೇ. ಸರ್ಜರಿ ಆಗಿದ್ದ ಒಬ್ಬ ಹಿರಿಯರು ನೋವಿನ ಮಾತ್ರೆ ಈಗ ಬೇಡ, ನಿದ್ದೆ ಬಂದುಬಿಡುತ್ತದೆ ಅಂದರು. 15ನೇ ಇನ್ನಿಂಗ್‌ನಲ್ಲಿ ಬೇಸ್ ಎಲ್ಲ ತುಂಬಿದ್ದಾಗ ಹೋರ್ಹೆ ಪೊಲಾಂಕೊ ಬಲಗಡೆ ಸಿಂಗಲ್ ಹೊಡೆದ. 3-2. ಐದು ಗಂಟೆಗೆ ಎರಡೇ ನಿಮಿಷ ಕಮ್ಮಿ ನಡೆದ ಆಟ. ಆಗ ಆ ಹಿರಿಯರು ಕೈ ಚಾಚಿ "ಈಗ ಕೊಡಿ" ಅಂದರು.

ಆ ಪೊಲಾಂಕೊ ಈಗ ನ್ಯೂಯಾರ್ಕ್ ಮೆಟ್ಸ್‌ಗೆ ಹೋದ. ಎರಡು ವರ್ಷಕ್ಕೆ 4 ಕೋಟಿ ಡಾಲರ್. ಅವನ ತಪ್ಪಿಲ್ಲ, ಆದರೂ ಸಂಕಟ ಆಗುತ್ತದೆ. ಜಾಶ್ ನೇಲರ್‌ನನ್ನು ಐದು ವರ್ಷಕ್ಕೆ ಉಳಿಸಿಕೊಂಡಿದ್ದೇ ಈ ಚಳಿಗಾಲದ ದೊಡ್ಡ ಸಮಾಧಾನ.

ಅಪ್ಪ ಅವರೇ, ಒಂದು ಮಾತು ಒಪ್ಪಲಾರೆ. ಆ ಇನ್ನಿಂಗ್ ಬಿಟ್ಟುಬಿಡೋಣ ಅಂದಿರಿ. ನನಗೆ ಬಿಡಲು ಆಗುವುದಿಲ್ಲ. ನಮ್ಮ ಅತಿ ಒಳ್ಳೆಯ ರಿಲೀಫ್ ಪಿಚರ್ (ಆಟದ ನಡುವೆ ಬಂದು ಎಸೆಯುವವನು) ಆಂದ್ರೆಸ್ ಮುನ್ಯೋಸ್. ಅವನು ಸುಮ್ನೆ ಕೂತಿದ್ದ. ಒಂದು ಚೆಂಡನ್ನೂ ಎಸೆಯಲಿಲ್ಲ. ನಾಳೆ ಆಟ ಇಲ್ಲ ಅನ್ನುವ ದಿನ ಅತಿ ಒಳ್ಳೆಯವನನ್ನು ಒಂಬತ್ತನೇ ಇನ್ನಿಂಗ್‌ಗೆ ಅಂತ ಎತ್ತಿಡುವುದು ಯಾಕೆ? ವಾರ್ಡಿನಲ್ಲಿ ರೋಗಿಗೆ ಜೋರಾದಾಗ ಹಿರಿಯ ಡಾಕ್ಟರನ್ನು ಆ ಕ್ಷಣವೇ ಕರೆಯುತ್ತೇವೆ. ಅವರ ಪಾಳಿ ಬರಲಿ ಅಂತ ಕಾಯುವುದಿಲ್ಲ.

ಬಾಥೆಲ್ ಅಪ್ಪ:

ಮೇಡಂ, ಆ ಹಿರಿಯರ ವಿಷಯ ಹೆಂಡತಿಗೂ ಓದಿ ಹೇಳಿದೆ.

ಮುನ್ಯೋಸ್ ವಿಷಯದಲ್ಲಿ ನಿಮ್ಮ ಮಾತಿಗೆ ತೂಕ ಇದೆ. ಆದರೆ ಬಜಾರ್ಡೊ ಪರವಾಗಿ ಒಂದು ಮಾತು ಹೇಳಬೇಕು. ನೀವು ಹೇಳಿದ ಅದೇ 15 ಇನ್ನಿಂಗ್ ಪಂದ್ಯದಲ್ಲಿ, ಹೆಚ್ಚುವರಿ ಇನ್ನಿಂಗ್‌ಗಳಲ್ಲಿ ಒಂದು ರನ್ನೂ ಬಿಡದೆ ಕಾಪಾಡಿದವರಲ್ಲಿ ಅವನೂ ಒಬ್ಬ. ವರ್ಷ ಪೂರ್ತಿ ಇಂಥ ಜಾಗದಲ್ಲೇ ಅವನನ್ನು ಕರೆಯುತ್ತಿದ್ದರು. ವಿಲ್ಸನ್ 1995ರ ತಂಡದ ಕ್ಯಾಚರ್. ವರ್ಷವೆಲ್ಲ ನಂಬಿದವನನ್ನೇ ಅವತ್ತೂ ನಂಬಿದರು. ಸರಿಯೋ ತಪ್ಪೋ, ನಂಬಿಕೆ ಅರ್ಥವಾಗುತ್ತದೆ ನನಗೆ.

ಟಕೋಮಾ ಸಂಜೆ:

ಬಜಾರ್ಡೊ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ನಿರ್ಧಾರ ತಪ್ಪು ಅಂತಲೇ ನನ್ನ ಮಾತು. ಅಲ್ಲಿಗೆ ಬಿಡೋಣ.

ಹಳೇ ಕಿಂಗ್‌ಡೋಮ್:

ನಾನು 1993ರಲ್ಲಿ ಇಲ್ಲಿಗೆ ಬಂದವನು. ಆಗ ಕನ್ನಡದವರು ಬೆರಳೆಣಿಕೆ. ಯುಗಾದಿಗೆ ಒಂದು ಮನೆಯ ಹಾಲ್‌ನಲ್ಲಿ ಎಲ್ಲರೂ ಹಿಡಿಸುತ್ತಿದ್ದೆವು. ಆಟ ಕಿಂಗ್‌ಡೋಮ್‌ನಲ್ಲಿ. ಕಾಂಕ್ರೀಟ್ ಗುಮ್ಮಟ, ಒಳಗೆ ಬಿಸಿಲೇ ಇಲ್ಲ. 1994ರಲ್ಲಿ ಚಾವಣಿಯ ಟೈಲ್ಸ್ ಕಳಚಿ ಬಿತ್ತು. ಅದೇ ವರ್ಷ ಆಗಸ್ಟ್ 12ಕ್ಕೆ ಆಟಗಾರರ ಮುಷ್ಕರ ಶುರುವಾಗಿ ವರ್ಲ್ಡ್ ಸೀರೀಸೇ ನಡೆಯಲಿಲ್ಲ. ಈ ತಂಡ ಊರು ಬಿಟ್ಟು ಹೋಗುತ್ತದೆ ಅಂತ ಎಲ್ಲರ ಬಾಯಲ್ಲೂ ಇತ್ತು.

1995 ಬಂತು. ಆಗಸ್ಟ್ ಶುರುವಿನಲ್ಲಿ ನಾವು ಮೊದಲ ಸ್ಥಾನಕ್ಕಿಂತ 13 ಪಂದ್ಯ ಹಿಂದಿದ್ದೆವು. ಅಲ್ಲಿಂದ ಎದ್ದು ಬಂದರು ನೋಡಿ. ಏಂಜಲ್ಸ್ ಜೊತೆ ಸಮವಾಗಿ, ಒಂದೇ ಪಂದ್ಯದ ತೀರ್ಮಾನ. ರಾಂಡಿ ಜಾನ್ಸನ್ ಎಸೆದು 9-1ರಲ್ಲಿ ಗೆದ್ದರು. ಆಮೇಲೆ ಅಕ್ಟೋಬರ್ 8, ಯಾಂಕೀಸ್ ವಿರುದ್ಧ ಐದನೇ ಪಂದ್ಯ, 11ನೇ ಇನ್ನಿಂಗ್. ಎಡ್ಗರ್ ಮಾರ್ಟಿನೆಜ್ ಎಡಗಡೆ ಗೆರೆ ಹಿಡಿದು ಡಬಲ್ (ಎರಡನೇ ಬೇಸ್‌ವರೆಗೆ ಮುಟ್ಟಿಸುವ ಹೊಡೆತ) ಹೊಡೆದ. ಕೆನ್ ಗ್ರಿಫಿ ಜೂನಿಯರ್ ಮೊದಲ ಬೇಸ್‌ನಿಂದ ಓಡಿ ಬಂದು ಹೋಮ್ ಬೇಸ್‌ಗೆ ಜಾರಿ ಸೇರಿದ. 6-5. ನಮ್ಮೂರಿನವರು ಇವತ್ತಿಗೂ ಅದನ್ನು "ಆ ಡಬಲ್" ಅಂತಲೇ ಕರೆಯುತ್ತಾರೆ. ಬೇರೆ ಹೆಸರು ಬೇಕಾಗಿಲ್ಲ.

ಅದಕ್ಕೆ ಕೆಲವೇ ವಾರ ಮೊದಲು ಹೊಸ ಮೈದಾನಕ್ಕೆ ತೆರಿಗೆ ದುಡ್ಡು ಬೇಡ ಅಂತ ಜನ ಸಣ್ಣ ಅಂತರದಲ್ಲಿ ಮತ ಹಾಕಿದ್ದರು. ಆ ಅಕ್ಟೋಬರ್ ನೋಡಿದ ಮೇಲೆ ರಾಜ್ಯದ ಶಾಸಕರೇ ವಿಶೇಷವಾಗಿ ಸೇರಿ ದುಡ್ಡಿನ ದಾರಿ ಮಾಡಿದರು. ಈಗಿನ ಟಿ-ಮೊಬೈಲ್ ಪಾರ್ಕ್ 1999ರ ಜುಲೈನಲ್ಲಿ ತೆರೆಯಿತು. 2000ದ ಮಾರ್ಚ್‌ನಲ್ಲಿ ಕಿಂಗ್‌ಡೋಮ್‌ಗೆ ಸ್ಫೋಟಕ ಇಟ್ಟು ಬೀಳಿಸಿದರು. ಧೂಳು ಏಳುವುದನ್ನು ದೂರದ ದಿಬ್ಬದ ಮೇಲೆ ನಿಂತು ನೋಡಿದೆ. ತುಂಬಾ ಹೊತ್ತು ಕಾರು ಹತ್ತಲು ಆಗಲಿಲ್ಲ.

ರೇಡಿಯೋ ಬಗ್ಗೆ ಬರೆದಿರಲ್ಲ, ಡೇವ್ ನೀಹೌಸ್ ಹೆಸರು ಹೇಳದಿದ್ದರೆ ಹೇಗೆ? 1977ರ ಮೊದಲ ಪಂದ್ಯದಿಂದ 2010ರವರೆಗೆ ನಮ್ಮ ಕಿವಿಯಲ್ಲಿದ್ದ ದನಿ ಅವರದು. ನನ್ನ ಇಂಗ್ಲಿಷ್ ಸರಿಹೋಗಿದ್ದೇ ಅವರಿಂದ. ಆಫೀಸಿನವರ ಮಾತು ವೇಗ, ಅರ್ಧ ಅರ್ಥವಾಗುತ್ತಿರಲಿಲ್ಲ. ನೀಹೌಸ್ ಬಿಡಿಸಿ ಹೇಳುತ್ತಿದ್ದರು. 2010ರ ನವೆಂಬರ್‌ನಲ್ಲಿ ತೀರಿಕೊಂಡರು. ಅವತ್ತಿನ ಚಳಿಗಾಲಕ್ಕಿಂತ ಉದ್ದದ ಚಳಿಗಾಲ ನಾನು ಕಂಡಿಲ್ಲ. ಹಾಗಾಗಿ ನಿಮ್ಮ ಮಗನಿಗೆ ಹೇಳಿ, ಈ ಸಲದ್ದನ್ನೂ ದಾಟುತ್ತೇವೆ.

ನನ್ನ ಚಿಂತೆ ಮುಂದಿನದರ ಬಗ್ಗೆ. ಆಟಗಾರರ ಸಂಘಕ್ಕೂ ಮಾಲೀಕರಿಗೂ ಇರುವ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಹೊಸದು ಆಗದೆ ಬಾಗಿಲು ಹಾಕಿದರೆ ಬರುವ ವರ್ಷ ಈ ಹೊತ್ತಿಗೆ ನಾವು ಯಾವ ದಿನಕ್ಕೂ ಸುತ್ತು ಹಾಕಲಾರೆವು. 1994 ನೋಡಿದವನ ಭಯ ಇದು. ಹಾಗಾಗಿ ಈ ಫೆಬ್ರವರಿಯನ್ನು ನಾನು ಪೂರ್ತಿ ಅನುಭವಿಸುವವನೇ.

ಟೊರಾಂಟೊ ಕನ್ನಡಿಗ:

ಬರಬಹುದಾ? ನಾನು ನಿಮ್ಮನ್ನು ಸೋಲಿಸಿದ ಟೊರಾಂಟೊ ಬ್ಲೂ ಜೇಸ್ ಕಡೆಯವನು. ಗಾಯಕ್ಕೆ ಉಪ್ಪು ಸವರಲು ಬಂದಿಲ್ಲ.

ಸ್ಪ್ರಿಂಗರ್ ಹೊಡೆದಾಗ ನಾವು ಇಲ್ಲಿ ಅಪಾರ್ಟ್‌ಮೆಂಟ್ ನಡುಗುವ ಹಾಗೆ ಕುಣಿದೆವು, ಸುಳ್ಳು ಹೇಳುವುದಿಲ್ಲ. ಹನ್ನೆರಡು ದಿನ ಬಿಟ್ಟು, ನವೆಂಬರ್ 1ಕ್ಕೆ, ವರ್ಲ್ಡ್ ಸೀರೀಸ್ ಏಳನೇ ಪಂದ್ಯ. ಒಂಬತ್ತನೇ ಇನ್ನಿಂಗ್, ಒಂದು ಔಟ್ ಆಗಿದೆ, 4-3 ನಾವು ಮುಂದೆ. ನಿಮ್ಮ ಹೂಲಿಯೋನನ್ನು ಕೊನೆಯಲ್ಲಿ ಸ್ಟ್ರೈಕ್ ಔಟ್ ಮಾಡಿದ್ದ ಜೆಫ್ ಹಾಫ್‌ಮನ್ನೇ ಎಸೆಯುತ್ತಿದ್ದ. ಎದುರಾಳಿ ಡಾಡ್ಜರ್ಸ್‌ನ ಮಿಗೆಲ್ ರೋಹಾಸ್, ಅವನಿಂದ ಯಾರೂ ನಿರೀಕ್ಷಿಸಿರಲಿಲ್ಲ, ಹೋಮ್ ರನ್ ಹೊಡೆದು ಸಮ ಮಾಡಿದ. 11ನೇ ಇನ್ನಿಂಗ್‌ನಲ್ಲಿ ಅವರ ವಿಲ್ ಸ್ಮಿತ್ ಇನ್ನೊಂದು ಹೊಡೆದ. 5-4. ಅಲ್ಲಿಗೆ ಮುಗಿಯಿತು. 1993ರಲ್ಲಿ ಜೋ ಕಾರ್ಟರ್ ಹೊಡೆದು ಗೆಲ್ಲಿಸಿದ ಮೇಲೆ ನಮಗೆ ಮತ್ತೆ ಕಪ್ ಬಂದಿಲ್ಲ.

ನಿಮಗೆ ಎಂಟು ಔಟ್ ಬಾಕಿ ಇತ್ತು. ನಮಗೆ ಎರಡು.

ನಮ್ಮ ಅಪ್ಪನಿಗೆ ಆಟ ಅಷ್ಟಾಗಿ ಗೊತ್ತಿಲ್ಲ. ಅವತ್ತು ರಾತ್ರಿ ನನಗೆ ಮೊಸರನ್ನ ಕಲಸಿ ತಂದು ಪಕ್ಕದಲ್ಲಿ ಇಟ್ಟು ಹೋದರು. ನಾನು ಎತ್ತಿಟ್ಟುಕೊಂಡಿರುವ ದಿನ ಅದೇ.

ಬಾಥೆಲ್ ಅಪ್ಪ:

ಬನ್ನಿ ಅಣ್ಣ, ಕೂತ್ಕೊಳ್ಳಿ. ಉಪ್ಪು ಎಲ್ಲಿ ಬಂತು. ಆ ರೋಹಾಸ್ ಹೊಡೆದಾಗ ನಮ್ಮ ಮನೆಯಲ್ಲೂ ಯಾರೂ ಖುಷಿ ಪಡಲಿಲ್ಲ. ನಮ್ಮನ್ನು ಸೋಲಿಸಿದವರಾದರೂ ಗೆಲ್ಲಲಿ ಅಂತ ಮಗ ನಿಮ್ಮ ಕಡೆ ಇದ್ದ.

ಎಡಗೈ ಸ್ಪಿನ್ನರ್:

ನಾನು ಬೆಂಗಳೂರಿನ ಬಸವನಗುಡಿಯವನು. ಬೇಸ್‌ಬಾಲ್ ನೋಡಲು ಶುರು ಮಾಡಿ ಒಂದೇ ವರ್ಷ. ಆದರೆ ಕಾಯುವ ವಿಷಯದಲ್ಲಿ ನನಗೂ ಅನುಭವ ಇದೆ. ಆರ್‌ಸಿಬಿ.

2009ರ ಫೈನಲ್ ಆರು ರನ್‌ಗೆ ಹೋಯಿತು. 2011 ಹೋಯಿತು. 2016ರಲ್ಲಿ ನಮ್ಮ ಚಿನ್ನಸ್ವಾಮಿಯಲ್ಲೇ, ಎಂಟು ರನ್‌ಗೆ. ಪ್ರತಿ ವರ್ಷ "ಈ ಸಲ ಕಪ್ ನಮ್ದೇ" ಅಂದೆವು. ಬೇರೆಯವರು ಅದನ್ನು ತಮಾಷೆ ಮಾಡಿಕೊಂಡರು. ನಾವು ಪೂರ್ತಿ ಮನಸ್ಸಿಂದಲೇ ಹೇಳಿದ್ದು. 18ನೇ ವರ್ಷ, 2025ರ ಜೂನ್ 3, ಅಹಮದಾಬಾದ್‌ನಲ್ಲಿ ಪಂಜಾಬ್ ವಿರುದ್ಧ ಗೆದ್ದೆವು. ಅದೂ ಆರು ರನ್‌ಗೇ. ಕೊಹ್ಲಿ ನೆಲಕ್ಕೆ ಮಂಡಿಯೂರಿ ಅತ್ತದ್ದು ನೋಡಿ ನಮ್ಮ ಬೀದಿಯಲ್ಲಿ ದೊಡ್ಡವರೆಲ್ಲ ಅತ್ತರು.

ಮರುದಿನ ಚಿನ್ನಸ್ವಾಮಿ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ನನ್ನ ತಂಗಿ ಹೋಗಬೇಕೆಂದು ಹೊರಟಿದ್ದಳು. ಮೆಟ್ರೋದಲ್ಲಿ ಜಾಸ್ತಿ ಜನ ಅಂತ ವಾಪಸ್ ಬಂದಳು. ಹದಿನೆಂಟು ವರ್ಷ ಕಾದ ಸಂತೋಷ ನಮಗೆ ಒಂದೇ ರಾತ್ರಿ ಸಿಕ್ಕಿದ್ದು. ನಿಮ್ಮ ಊರಿಗೆ ಆ ದಿನ ಬಂದಾಗ ಎಲ್ಲರೂ ಕ್ಷೇಮವಾಗಿ ಮನೆ ಸೇರಲಿ ಅಂತ ಮನಸಾರೆ ಹೇಳುತ್ತೇನೆ.

ಗ್ಲವ್ ಬಗ್ಗೆ: ಕೊಬ್ಬರಿ ಎಣ್ಣೆ ಬೇಡ ಸರ್. ಚರ್ಮ ಕುಡಿದುಬಿಡುತ್ತದೆ, ಭಾರ ಆಗುತ್ತದೆ, ಮೆತ್ತಗಾಗಿ ಆಕಾರ ಕೆಡುತ್ತದೆ. ನಾವು ಹೊಸ ಬ್ಯಾಟಿಗೆ ಅಗಸೆ ಎಣ್ಣೆ ಹಚ್ಚುವಾಗಲೂ ಅಷ್ಟೇ, ಬಟ್ಟೆಯಲ್ಲಿ ತೆಳುವಾಗಿ ಒಂದು ಕೈ. ಗ್ಲವ್‌ಗೆ ಅಂತಲೇ ಸಿಗುವ ಕಂಡೀಷನರ್ ಸ್ವಲ್ಪವೇ ಸವರಿ, ಒಳಗೆ ಚೆಂಡು ಇಟ್ಟು, ರಬ್ಬರ್ ಬ್ಯಾಂಡ್ ಹಾಕಿ ಕೆಲವು ದಿನ ಬಿಡಿ.

ನನ್ನದೊಂದು ಪ್ರಶ್ನೆ. ಈ ವರ್ಷದಿಂದ ಬೇಸ್‌ಬಾಲ್‌ಗೂ ಡಿಆರ್‌ಎಸ್ ಥರ ಏನೋ ಬರುತ್ತದಂತೆ? ಕ್ಯಾಚರ್ ಅಂದರೆ ನಮ್ಮ ವಿಕೆಟ್ ಕೀಪರ್ ಅಲ್ವಾ, ರಾಲಿಗೆ ಇದರಿಂದ ಒಳ್ಳೆಯದೋ ಕೆಟ್ಟದ್ದೋ?

ಚಾಂಡ್ಲರ್ ಮನೆ:

ಅರಿಝೋನಾದವರು ಯಾರೂ ಇಲ್ವಾ ಅಂದುಕೊಂಡಿರಾ? ಇದ್ದೇನೆ.

ಮೊದಲು ಸ್ಪಿನ್ನರ್ ಅವರಿಗೆ. ಹೌದು, 2026ರಿಂದ ಎಬಿಎಸ್ ಚಾಲೆಂಜ್ (ಕ್ಯಾಮೆರಾ ನೋಡಿ ಎಸೆತ ತೀರ್ಮಾನಿಸುವ ವ್ಯವಸ್ಥೆ) ಬರುತ್ತಿದೆ. ಎಸೆತ ಹೋಮ್ ಬೇಸ್ ಮೇಲಿನ ಚೌಕಟ್ಟಿನೊಳಗೆ (ಸ್ಟ್ರೈಕ್ ಝೋನ್) ಬಂದರೆ ಸ್ಟ್ರೈಕ್, ಹೊರಗಾದರೆ ಬಾಲ್. ಅದನ್ನು ಕರೆಯುವುದು ಅಂಪೈರೇ. ತಪ್ಪು ಅನ್ನಿಸಿದರೆ ಬ್ಯಾಟರ್, ಪಿಚರ್, ಕ್ಯಾಚರ್ ಈ ಮೂವರಲ್ಲಿ ಒಬ್ಬರು ತಕ್ಷಣ ತಲೆ ಮೇಲೆ ತಟ್ಟಿ ಕೇಳಬಹುದು. ಡಗೌಟ್‌ನಿಂದ ಸನ್ನೆ ಮಾಡುವ ಹಾಗಿಲ್ಲ. ಒಂದು ತಂಡಕ್ಕೆ ಎರಡು ಚಾಲೆಂಜ್. ಗೆದ್ದರೆ ಉಳಿಯುತ್ತದೆ, ಸೋತರೆ ಹೋಗುತ್ತದೆ. ಸ್ಟ್ರೈಕ್ ಝೋನ್‌ನ ಮೇಲಿನ ಗೆರೆ ಬ್ಯಾಟರ್ ಎತ್ತರದ 53.5%, ಕೆಳಗಿನದು 27%. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಅಳತೆ. 'ಅಂಪೈರ್ಸ್ ಕಾಲ್' ಅನ್ನುವುದಿಲ್ಲ. ಚೆಂಡು ಗೆರೆಗೆ ಕೂದಲಷ್ಟು ತಾಗಿದರೂ ಸ್ಟ್ರೈಕ್. 2025ರ ಸ್ಪ್ರಿಂಗ್ ಟ್ರೈನಿಂಗ್‌ನಲ್ಲಿ ಪ್ರಯೋಗ ಮಾಡಿದಾಗ ಇಲ್ಲೇ ನೋಡಿದೆ. ಹದಿನೈದು ಸೆಕೆಂಡ್ ಆಸುಪಾಸಿನಲ್ಲಿ ಮುಗಿಯುತ್ತದೆ. ದೊಡ್ಡ ಪರದೆಯಲ್ಲಿ ಚೆಂಡು ಬರುವಾಗ ಮೈದಾನ ಪೂರ್ತಿ ಉಸಿರು ಹಿಡಿಯುತ್ತದೆ.

ರಾಲಿ ವಿಷಯ. ಅಂಚಿನ ಚೆಂಡನ್ನು ಗ್ಲವ್ ಅಲುಗದ ಹಾಗೆ ಹಿಡಿದು ಸ್ಟ್ರೈಕ್ ಅನ್ನಿಸುವ ಕೈಚಳಕಕ್ಕೆ ಫ್ರೇಮಿಂಗ್ ಅನ್ನುತ್ತಾರೆ. ಅದರಲ್ಲಿ ಅವನು ಪಳಗಿದವನು. 2024ರಲ್ಲಿ ಲೀಗ್‌ನ ಅತ್ಯುತ್ತಮ ಫೀಲ್ಡರ್‌ಗೆ ಕೊಡುವ ಪ್ಲಾಟಿನಂ ಗ್ಲವ್ ಬಂದಿತ್ತು. ಆ ಕೈಚಳಕದ ಬೆಲೆ ಸ್ವಲ್ಪ ಇಳಿಯಬಹುದು. ಆದರೆ ಯಾವಾಗ ಚಾಲೆಂಜ್ ಮಾಡಬೇಕು ಅನ್ನುವುದು ಎಲ್ಲರಿಗಿಂತ ಕ್ಯಾಚರ್‌ಗೇ ಚೆನ್ನಾಗಿ ಕಾಣುತ್ತದೆ. ಡಿಆರ್‌ಎಸ್‌ಗೆ ಮುಂಚೆ ನಾಯಕ ಕೀಪರ್ ಮುಖ ನೋಡುತ್ತಾನಲ್ಲ, ಹಾಗೆ. ನನ್ನ ಲೆಕ್ಕದಲ್ಲಿ ಅವನಿಗೆ ಲಾಭವೇ.

ಈಗ ಮೈಸೂರಿನ ಅಮ್ಮನವರಿಗೆ. ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೇ ಚೆಂದ ಅಮ್ಮ. ನೀವು ವೀಣೆ ಮಾತು ಹೇಳಿದಿರಿ. ಕಛೇರಿಯಲ್ಲಿ ಎದುರು ಕೂತು ಕೇಳುವುದು ಒಂದು. ಬೆಳಗ್ಗೆ ಅವರ ಮನೆಗೆ ಹೋದಾಗ ಒಳಗಿನಿಂದ ಸಾಧನೆ ಕೇಳಿಸುವುದು ಇನ್ನೊಂದು. ಇದು ಎರಡನೆಯದು. ಬೆಳಗ್ಗೆ ಪಕ್ಕದ ಅಭ್ಯಾಸದ ಮೈದಾನಗಳ ಹತ್ತಿರ ಹೋದರೆ ಬೇಲಿಯ ಆಚೆ ಕೋಟಿ ಕೋಟಿ ಸಂಬಳದ ಪಿಚರ್‌ಗಳು ಸಾಲಾಗಿ ನಿಂತಿರುತ್ತಾರೆ. ಎಸೆದ ಹಾಗೆ ಮಾಡಿ ಮೊದಲ ಬೇಸ್‌ಗೆ ಓಡುತ್ತಾರೆ. ಮತ್ತೆ ಬಂದು ಸಾಲಿಗೆ ನಿಲ್ಲುತ್ತಾರೆ. ಶಾಲೆ ಮಕ್ಕಳ ಡ್ರಿಲ್ ಥರ ಅದನ್ನೇ ನೂರು ಸಲ. ಚೆಂಡು ಗ್ಲವ್‌ಗೆ ಬೀಳುವ ಸದ್ದು ಖಾಲಿ ಮೈದಾನದಲ್ಲಿ ಬೇರೆ ಥರ ಕೇಳಿಸುತ್ತದೆ. ಎದೆ ಮೇಲೆ 70, 80ರ ನಂಬರ್ ಇರುವ ಹುಡುಗರು ಇರುತ್ತಾರೆ. ಅವರಲ್ಲಿ ಬಹಳ ಜನರಿಗೆ ಮಾರ್ಚ್ ಮುಗಿಯುವುದರೊಳಗೆ "ಕೆಳಗಿನ ತಂಡಕ್ಕೆ ಹೋಗು" ಅಂತ ಹೇಳುತ್ತಾರೆ. ಅದು ಗೊತ್ತಿದ್ದೂ ಪ್ರತಿ ಚೆಂಡಿಗೂ ಹಾರಿ ಬೀಳುತ್ತಾರೆ. ನಾನು ಹೋಗುವುದೇ ಅವರನ್ನು ನೋಡಲು.

ಈ ಫೀನಿಕ್ಸ್ ಸುತ್ತಮುತ್ತಲೇ 15 ತಂಡಗಳು ಇಳಿಯುತ್ತವೆ. ಕ್ಯಾಕ್ಟಸ್ ಲೀಗ್ ಅಂತ ಹೆಸರು. ಉಳಿದ 15 ಫ್ಲಾರಿಡಾದಲ್ಲಿ. ಪಿಯೋರಿಯಾ ಮೈದಾನದಲ್ಲಿ ಮ್ಯಾರಿನರ್ಸ್ ಜೊತೆ ಸ್ಯಾನ್ ಡಿಯೇಗೊ ಪಾಡ್ರೆಸ್ ಕೂಡ ಇದ್ದಾರೆ. ಔಟ್‌ಫೀಲ್ಡ್ ಆಚೆ ಹುಲ್ಲಿನ ದಿಬ್ಬ ಇದೆ. ಅಲ್ಲಿ ಜಮಖಾನ ಹಾಸಿ ಕೂರಬಹುದು. ಟಿಕೆಟ್ಟೂ ಕಮ್ಮಿ. ಟೋಪಿ, ನೀರು ಮರೆಯಬೇಡಿ. ಸಿಯಾಟಲ್‌ನವರ ಚರ್ಮಕ್ಕೆ ಇಲ್ಲಿಯ ಫೆಬ್ರವರಿ ಬಿಸಿಲೂ ಜಾಸ್ತಿಯೇ.

ಮಾರ್ಚ್‌ನಲ್ಲಿ ಬರುವುದಾದರೆ ಒಂದು ವಿಷಯ ನೆನಪಿಡಿ. ಈ ಸಲ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ (ದೇಶಗಳ ನಡುವಿನ ಟೂರ್ನಿ) ಇದೆ. ರಾಲಿ ಅಮೆರಿಕಕ್ಕೆ, ಹೂಲಿಯೋ ಡೊಮಿನಿಕನ್ ರಿಪಬ್ಲಿಕ್‌ಗೆ ಆಡಲು ಹೋಗುತ್ತಾರೆ. ಅವರಿಬ್ಬರನ್ನು ನೋಡಬೇಕಾದರೆ ಫೆಬ್ರವರಿ ಕೊನೆ ವಾರ ಬನ್ನಿ.

ಟಕೋಮಾ ಸಂಜೆ:

ಆ ಟೂರ್ನಿ ಅಂದರೆ ನನಗೆ ಎದೆ ಢವಢವ. 2023ರಲ್ಲಿ ಮೆಟ್ಸ್‌ನ ಎಡ್ವಿನ್ ಡಿಯಾಸ್ ಗೆದ್ದ ಖುಷಿಯಲ್ಲಿ ಕುಣಿಯುವಾಗ ಮಂಡಿ ಹರಿದುಕೊಂಡು ಇಡೀ ವರ್ಷ ಕಳೆದುಕೊಂಡ. ಅವನೂ ಮೊದಲು ನಮ್ಮವನೇ. ರಾಲಿ, ಹೂಲಿಯೋ ಇಬ್ಬರೂ ಸುಖವಾಗಿ ಹೋಗಿ ಬರಲಿ. ದೇವರಿಗೆ ಒಂದು ತುಪ್ಪದ ದೀಪ ಹೇಳಿಕೊಂಡಿದ್ದೇನೆ.

ಬಾಥೆಲ್ ಅಪ್ಪ:

ಚಾಂಡ್ಲರ್ ಅಣ್ಣ, ನಿಮ್ಮ ಬರಹವನ್ನು ರಾತ್ರಿ ಊಟಕ್ಕೆ ಕೂತಾಗ ಜೋರಾಗಿ ಓದಿದೆ. ಮುಗಿಯುವ ಮೊದಲೇ ನನ್ನ ಹೆಂಡತಿ ವಿಮಾನದ ದರ ನೋಡುತ್ತಿದ್ದಳು. ಮೂರು ಗಂಟೆ ಹಾರಾಟ. ಫೆಬ್ರವರಿ ಕೊನೆ ವಾರಕ್ಕೆ ಮೂರು ಟಿಕೆಟ್ ಆಗಿದೆ. ಮಗನಿಗೆ ಎರಡು ದಿನ ಶಾಲೆ ತಪ್ಪುತ್ತದೆ. ಲೆಕ್ಕದ ಪುಸ್ತಕ ತರಿಸುತ್ತೇನೆ.

ಸ್ಪಿನ್ನರ್ ಅವರೇ, ಗ್ಲವ್‌ಗೆ ಅದರದೇ ಕಂಡೀಷನರ್ ತಂದೆ. ಮಗ ಒಳಗೆ ಅಕ್ವಾಸಾಕ್ಸ್ ಚೆಂಡನ್ನೇ ಇಟ್ಟು, ರಬ್ಬರ್ ಬ್ಯಾಂಡ್ ಹಾಕಿ ಹಾಸಿಗೆ ಕೆಳಗೆ ಇಟ್ಟಿದ್ದಾನೆ. ದಿನಾ ರಾತ್ರಿ ತೆಗೆದು ನೋಡಬೇಡ ಅಂದರೆ ಕೇಳುತ್ತಿಲ್ಲ.

ಹಿರಿಯರಾದ ಕಿಂಗ್‌ಡೋಮ್ ಅವರು ಒಪ್ಪಿದರೆ ನಮ್ಮ ಜೊತೆ ಬರಲಿ. ಆ ಡಬಲ್ ಕಥೆಯನ್ನು ಮಗ ನಿಮ್ಮ ಬಾಯಿಂದ ಕೇಳಬೇಕು.

ಹಳೇ ಕಿಂಗ್‌ಡೋಮ್:

ಬರುತ್ತೇನೆ. ಮಂಡಿ ನೋವಿದೆ, ದಿಬ್ಬ ಹತ್ತಲಾರೆ. ನೆರಳಿರುವ ಕುರ್ಚಿ ಹಿಡಿಯಿರಿ.

ಚಾಂಡ್ಲರ್ ಮನೆ:

ಮೂರನೇ ಬೇಸ್ ಕಡೆಯ ಸೀಟು ನಾನು ನೋಡುತ್ತೇನೆ ಸರ್. ಹೋಟೆಲ್ ಬುಕ್ ಮಾಡಬೇಡಿ, ಮನೆಯಲ್ಲಿ ರೂಮಿದೆ. ತೀರ್ಥಹಳ್ಳಿ ಕಡೆಯವರು ಅಂದಿರಿ, ಅಪ್ಪೆಮಿಡಿ ಉಪ್ಪಿನಕಾಯಿ ಇದ್ದರೆ ಒಂದು ಸಣ್ಣ ಬಾಟಲ್ ತನ್ನಿ. ಈ ಊರಲ್ಲಿ ಸಿಗುವುದಿಲ್ಲ.

ಮೈಸೂರು ಬೆಳಗು:

ಸಾಧನೆಯ ಮಾತು ಹೇಳಿದಿರಲ್ಲ, ಈಗ ಅರ್ಥವಾಯಿತು. ಬಹಳ ಚೆನ್ನಾಗಿ ಅರ್ಥವಾಯಿತು.

ಅಲ್ಲಿ ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಆಟ ಅಂದರೆ ನಮಗೆ ರಾತ್ರಿ ಒಂದೂವರೆ ಆಗುತ್ತದೆ ಅಂತ ಮೊಮ್ಮಗಳು ಲೆಕ್ಕ ಹಾಕಿ ಹೇಳಿದಳು. ಫೆಬ್ರವರಿ 15ಕ್ಕೆ ಶಿವರಾತ್ರಿ. ಅವತ್ತು ಹೇಗೂ ಜಾಗರಣೆ. ಅದಾದ ಮೇಲೆ ಇದೊಂದು ಜಾಗರಣೆಯೂ ಆಗಲಿ. ನೀವು ಹೋಗುವ ಪಂದ್ಯ ಯಾವುದು ಅಂತ ತಿಳಿಸಿ, ಅಲಾರಂ ಇಟ್ಟುಕೊಳ್ಳುತ್ತೇನೆ. ನಿಮ್ಮ ಮಗ ಯಾವ ಬಣ್ಣದ ಟೋಪಿ ಹಾಕುತ್ತಾನೆ ಅಂತಲೂ ಹೇಳಿ, ಕ್ಯಾಮೆರಾ ಆ ಕಡೆ ತಿರುಗಿದರೆ ಹುಡುಕುತ್ತೇನೆ.